ಮೌಂಟಿಗೆ ದುಡ್ಡು ಉಳಿಸುವುದಾದರೆ ಎಲ್ಲಿ ಉಳಿಸಬೇಕು

ರೈಫಲ್ ಮೇಲೆ ಹಾಕುವ ದೂರದರ್ಶಕವನ್ನು, ಅಂದರೆ ಸ್ಕೋಪನ್ನು, ಹೊಸದಾಗಿ ಕೊಂಡವರು ಶೂಟಿಂಗ್ ರೇಂಜಿನಲ್ಲಿ ನನ್ನ ಹತ್ತಿರ ಬಂದಾಗ ಮೊದಲು ಗಾಜಿನ ಬಗ್ಗೆ ಮಾತಾಡುತ್ತಾರೆ. ಆಮೇಲೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಒಳಗಿನ ಗುರಿಗೆರೆ, ಅಂದರೆ ರೆಟಿಕಲ್, ಯಾವ ನಮೂನೆಯದು, ಗುರಿ ಹೊಂದಿಸುವ ಟರೆಟ್ ತಿರುಗಿಸಿದರೆ ಕ್ಲಿಕ್ ಎಷ್ಟು ಚೆನ್ನಾಗಿ ಕೈಗೆ ಸಿಗುತ್ತದೆ ಎನ್ನುವುದೆಲ್ಲ. ಇದನ್ನು ರೈಫಲ್ ಮೇಲೆ ಯಾವ ಮೌಂಟಿನಿಂದ, ಅಂದರೆ ಹಿಡಿದಿಡುವ ಯಾವ ಸಲಕರಣೆಯಿಂದ, ಕೂರಿಸುತ್ತೀರಿ ಎಂದು ಕೇಳಿದರೆ ಮಾತ್ರ, "ಸ್ಕೋಪ್ ಜೊತೆ ಎರಡು ರಿಂಗ್ ಬಂದಿವೆಯಲ್ಲ ಅಣ್ಣ, ಅದೇ ಸಾಲದೇ?" ಅನ್ನುತ್ತಾರೆ. ಕೆಲವೊಮ್ಮೆ ಸಾಕು. ಆದರೆ ಸಾಕೋ ಸಾಲದೋ ಎಂದು ನೋಡುವುದು ಹೇಗೆ ಎನ್ನುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೊಟ್ಟೆಪಾಡಿಗೆ ಲೇತ್ ಮತ್ತು ಮಿಲ್ಲಿಂಗ್ ಮಷೀನಿನ ಮುಂದೆ ನಿಂತವನು. ಬಿಡುವಿದ್ದಾಗ ಕಾಗದದ ಗುರಿಗೆ ಹೊಡೆಯುವವನು. ಹಾಗಾಗಿ ಮೌಂಟನ್ನು ಕೈಗೆತ್ತಿಕೊಂಡರೆ ಶೂಟರ್ ಆಗಿ ನೋಡುವ ಮೊದಲು ಫಿಟ್ಟರ್ ಆಗಿ ನೋಡುತ್ತೇನೆ. ಎಷ್ಟು ತುಂಡುಗಳಿವೆ, ಎಷ್ಟು ಕಡೆ ಜೋಡಣೆ ಇದೆ, ಯಾವ ಮುಖ ಯಾವುದರ ಮೇಲೆ ಕೂರುತ್ತದೆ, ಕೊನೆಗೆ ಎಲ್ಲವನ್ನೂ ಹಿಡಿದುಕೊಂಡಿರುವ ಸ್ಕ್ರೂ ಎಂಥದು. ಇಷ್ಟು ವರ್ಷ ಹೀಗೆ ನೋಡಿ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಕಡಿಮೆ ಖರ್ಚಿನಲ್ಲಿ ನಂಬಿಕೆಯ ಮೌಂಟ್ ಬೇಕಿದ್ದರೆ ಸೌಕರ್ಯಗಳನ್ನು ಕಡಿಮೆ ಮಾಡಿಕೊಳ್ಳಿ, ಲೋಹ ಮತ್ತು ಮಷೀನಿಂಗ್ ಎರಡರಲ್ಲೂ ರಾಜಿ ಬೇಡ. ಸನ್ನೆಕೋಲು ಎಳೆದರೆ ಕಳಚುವುದು, ಎತ್ತರ ಹೆಚ್ಚು ಕಡಿಮೆ ಮಾಡುವುದು, ಮೇಲೊಂದು ಚಿಕ್ಕ ರೇಲ್ ಇರುವುದು, ಇವೆಲ್ಲ ದುಬಾರಿ ಮೌಂಟಿನಲ್ಲಿ ಚೆನ್ನಾಗಿರುತ್ತವೆ. ಅದೇ ಸೌಕರ್ಯಗಳನ್ನು ಅಗ್ಗದ ಮೌಂಟಿನಲ್ಲಿ ತುರುಕಿದಾಗ, ಮುಖ್ಯ ಕೆಲಸಕ್ಕೆ ಹೋಗಬೇಕಿದ್ದ ದುಡ್ಡು ಅಲ್ಲಿಗೆ ಹೋಗಿರುತ್ತದೆ.

ಮೌಂಟು ಇಷ್ಟು ಮುಖ್ಯವೇ ಎನ್ನುವವರಿಗೆ ಒಂದು ಲೆಕ್ಕ. ಎರಡು ರಿಂಗುಗಳ ನಡುವೆ 100 ಮಿಲಿಮೀಟರ್ ಅಂತರ ಇದೆ ಎಂದುಕೊಳ್ಳಿ. ಹಿಂದಿನ ರಿಂಗ್ ಪಕ್ಕಕ್ಕೆ 0.1 ಮಿಲಿಮೀಟರ್ ಜರುಗಿತು. ಅಂದರೆ ನಾವು ಬರೆಯುವ ಸಾಮಾನ್ಯ ಹಾಳೆಯ ದಪ್ಪದಷ್ಟು. ಕೋನದಲ್ಲಿ ಅದು ಸಾವಿರಕ್ಕೆ ಒಂದು ಪಾಲು. 100 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಆಚೆ ಬೀಳುತ್ತದೆ. ಬರಿಗಣ್ಣಿಗೆ ಕಾಣದಷ್ಟು ಜರುಗಿದರೂ ಗುರಿಯ ನಡುವಿನಿಂದ ಅಂಗೈಯಗಲ ದೂರ. ಎಷ್ಟೇ ಒಳ್ಳೆಯ ಗಾಜಿದ್ದರೂ ಇದನ್ನು ಸರಿಪಡಿಸಲು ಆಗುವುದಿಲ್ಲ.

ಕೊಳ್ಳುವ ಮೊದಲು ರೈಫಲ್ ಮೇಲೆ ಏನಿದೆ ನೋಡಿಕೊಳ್ಳಿ. ಇವತ್ತು ಹೆಚ್ಚಾಗಿ ಸಿಗುವುದು ಪಿಕಟಿನ್ನಿ ರೇಲ್, ರಿಂಗುಗಳನ್ನು ಬಿಗಿಯುವ ಹಳಿಯಂಥ ಪಟ್ಟಿ. ಅಮೆರಿಕದ ಸೇನೆ 1995ರಲ್ಲಿ ಮಿಲ್-ಎಸ್‌ಟಿಡಿ-1913 ಎಂಬ ಹೆಸರಿನಲ್ಲಿ ಇದರ ಅಳತೆಗಳನ್ನು ಗೊತ್ತುಮಾಡಿತು. ಪಟ್ಟಿಗೆ ಅಡ್ಡಲಾಗಿ ಕೊರೆದ ಕಾಡಿಯ, ಅಂದರೆ ಕಚ್ಚಿನ, ಅಗಲ 5.23 ಮಿಮೀ, ಒಂದು ಕಾಡಿಯ ನಡುವಿನಿಂದ ಇನ್ನೊಂದರ ನಡುವಿಗೆ 10.01 ಮಿಮೀ. ಅದಕ್ಕಿಂತ ಹಳೆಯದು ವೀವರ್. ನೋಡಲು ಹೆಚ್ಚುಕಡಿಮೆ ಹಾಗೇ ಇದ್ದರೂ ಕಾಡಿ 4.57 ಮಿಮೀ ಮಾತ್ರ, ಕಾಡಿಗಳ ನಡುವಿನ ಅಂತರಕ್ಕೂ ಒಂದೇ ನಿಯಮ ಇಲ್ಲ. ಆದ್ದರಿಂದ ವೀವರ್ ರಿಂಗು ಸಾಮಾನ್ಯವಾಗಿ ಪಿಕಟಿನ್ನಿ ರೇಲಿನ ಮೇಲೆ ಕೂರುತ್ತದೆ, ಪಿಕಟಿನ್ನಿ ರಿಂಗಿನ ದಪ್ಪ ಅಡ್ಡಬೋಲ್ಟ್ ವೀವರ್ ಕಾಡಿಯೊಳಗೆ ಇಳಿಯದೇ ಹೋಗಬಹುದು. ಮೂರನೆಯದು ಡವ್‌ಟೇಲ್, ರಿಸೀವರಿನಲ್ಲೇ, ಅಂದರೆ ರೈಫಲಿನ ಮುಖ್ಯ ಮೈಯಲ್ಲೇ, ಕೊರೆದ ಉದ್ದನೆಯ ತೋಡು. ಏರ್ ರೈಫಲ್ ಮತ್ತು .22 ರೈಫಲ್‌ಗಳಲ್ಲಿ ಹೆಚ್ಚು. ಹೆಸರಿಗೆ 11 ಮಿಮೀ ಎಂದಿದ್ದರೂ 3/8 ಇಂಚಿನವೂ ಇವೆ, ಅಂದರೆ 9.5 ಮಿಮೀ. ಜಾಹೀರಾತು ನಂಬದೆ ವರ್ನಿಯರ್ ಹಿಡಿದು ಅಳೆಯಿರಿ.

ಅದೇ ರೀತಿ ಸ್ಕೋಪಿನ ಕೊಳವೆಯ ವ್ಯಾಸ. 1 ಇಂಚು, ಅಂದರೆ 25.4 ಮಿಮೀ, ಅಥವಾ 30, ಅಥವಾ 34. ಕೊಳವೆಗೆ ಸರಿಯಾದ ರಿಂಗನ್ನೇ ಕೊಳ್ಳಿ. 30ರ ರಿಂಗಿನೊಳಗೆ ಸ್ಲೀವ್, ಅಂದರೆ ತೆಳು ಬಳೆ, ತುರುಕಿ 25.4ರ ಕೊಳವೆ ಕೂರಿಸುವ ಪದ್ಧತಿ ಇದೆ. ನನಗೆ ಅದು ಹಿಡಿಸುವುದಿಲ್ಲ. ಒಂದು ಜೋಡಣೆ ಸುಮ್ಮನೆ ಜಾಸ್ತಿಯಾಯಿತು.

ಜೋಡಣೆಗಳ ಲೆಕ್ಕವನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ರಿಸೀವರಿಗೆ ಬೇಸ್, ಅಂದರೆ ರಿಂಗುಗಳ ಕೆಳಗಿನ ರೇಲ್ ಅಥವಾ ಪೀಠ, ಒಂದು ಜೋಡಣೆ. ಬೇಸಿಗೆ ರಿಂಗು ಎರಡನೆಯದು. ರಿಂಗಿಗೆ ಕೊಳವೆ ಮೂರನೆಯದು. ಇದಕ್ಕಿಂತ ಕಡಿಮೆ ಮಾಡಬೇಕಿದ್ದರೆ ಬೇಸ್ ಮತ್ತು ರಿಂಗಿನ ಕೆಳಭಾಗ ಒಂದೇ ತುಂಡಾಗಿರುವ ಮೌಂಟುಗಳಿವೆ. ಟ್ಯಾಲಿಯವರ ಹಗುರ ರಿಂಗುಗಳು ಹೀಗೆ ಇರುತ್ತವೆ, ಡಿಎನ್‌ಝಡ್‌ನವರು ಎರಡೂ ರಿಂಗುಗಳನ್ನು ಸೇರಿಸಿ ಒಂದೇ ತುಂಡಾಗಿ ಮಾಡುತ್ತಾರೆ. ಒಂದೇ ರೈಫಲ್, ಒಂದೇ ಸ್ಕೋಪ್, ಮತ್ತೆ ಮತ್ತೆ ಬದಲಿಸುವ ಯೋಚನೆ ಇಲ್ಲ ಎನ್ನುವವರಿಗೆ ಇದು ಖರ್ಚಿಗೆ ತಕ್ಕ ಆಯ್ಕೆ. ಪ್ರತ್ಯೇಕ ಬೇಸಿನ ಖರ್ಚು ಉಳಿಯುತ್ತದೆ, ತೂಕವೂ ಉಳಿಯುತ್ತದೆ. ಆದರೆ ಅವು ಒಂದೊಂದು ರಿಸೀವರಿಗೆ ಒಂದೊಂದು ಬಗೆ. ಕಣ್ಣಿನ ದೂರ ಹೊಂದಿಸಲು ಹಿಂದೆ ಮುಂದೆ ಸರಿಸುವ ಅವಕಾಶವೂ ಕಡಿಮೆ. ಸ್ಕೋಪಿನ ಕೊಳವೆ ಗಿಡ್ಡವಾಗಿದ್ದರೆ ಕೊಳ್ಳುವ ಮೊದಲೇ ಅಳೆದು ನೋಡಬೇಕು.

ಮಿಕ್ಕವರಿಗೆ ನಾನು ಹೇಳುವುದು ಒಂದೇ ತುಂಡಿನ ಸಾದಾ ರೇಲ್, ಅದರ ಮೇಲೆ ಎರಡು ಸಾದಾ ರಿಂಗು. ಎರಡು ತುಂಡಿನ ಬೇಸಿನಲ್ಲಿ ಗುಂಡು ತುಂಬಲು ಜಾಗ ಚೆನ್ನಾಗಿರುತ್ತದೆ, ನಿಜ. ಮೇಲಿನಿಂದ ಒಂದೊಂದೇ ಗುಂಡು ತುಂಬುವವರಿಗೆ ಅದು ಅನುಕೂಲ. ಆದರೆ ಎರಡು ತುಂಡುಗಳೂ ಒಂದೇ ಗೆರೆಯಲ್ಲಿ, ಒಂದೇ ಎತ್ತರದಲ್ಲಿ ಕೂರಬೇಕಾದರೆ ರಿಸೀವರಿನ ತೂತುಗಳು ಸರಿಯಾಗಿರಬೇಕು. ಒಂದೇ ತುಂಡಿನ ರೇಲಿನಲ್ಲಿ ಮೇಲ್ಮೈಯನ್ನು ಒಂದೇ ಸಲಕ್ಕೆ ಮಿಲ್ ಮಾಡಿರುವುದರಿಂದ ರಿಂಗುಗಳಿಗೆ ಒಂದೇ ನೆಲ ಸಿಗುತ್ತದೆ. 20 ಎಂಒಎ ಇಳಿಜಾರಿನ ರೇಲ್ ಬೇಕೇ ಎಂದು ಬಹಳ ಜನ ಕೇಳುತ್ತಾರೆ. ಎಂಒಎ ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. 100 ಮೀಟರಿಗೆ ಒಂದು ಎಂಒಎ ಅಂದರೆ 2.9 ಸೆಂಟಿಮೀಟರ್, ಇಪ್ಪತ್ತು ಅಂದರೆ 58 ಸೆಂಟಿಮೀಟರ್. ಬಹಳ ದೂರಕ್ಕೆ ಹೊಡೆಯುವವರಿಗೆ ಸ್ಕೋಪಿನೊಳಗಿನ ಹೊಂದಾಣಿಕೆ ಸಾಲದೆ ಬಂದಾಗ ಇದು ನೆರವಾಗುತ್ತದೆ. ನೂರು, ಇನ್ನೂರು ಮೀಟರಿನೊಳಗೇ ಇರುವವರು ಸಮತಟ್ಟಾದ ರೇಲ್ ಕೊಂಡರೆ ಸಾಕು. ಹೊಂದಾಣಿಕೆ ಕಡಿಮೆ ಇರುವ ಸ್ಕೋಪನ್ನು ಇಳಿಜಾರಿನ ರೇಲಿಗೆ ಹಾಕಿದರೆ ಹತ್ತಿರದ ದೂರಕ್ಕೆ ಜೀರೋ ಆಗದೇ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಲಾಗದೇ, ಉಳಿಯಬಹುದು.

ಇನ್ನು ಲೋಹ. "ಏರ್‌ಕ್ರಾಫ್ಟ್ ಗ್ರೇಡ್ ಅಲ್ಯೂಮಿನಿಯಂ" ಎಂದು ಪೆಟ್ಟಿಗೆ ಮೇಲೆ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. 6061ನ್ನೂ ವಿಮಾನಕ್ಕೆ ಬಳಸುತ್ತಾರೆ, 7075ನ್ನೂ ಬಳಸುತ್ತಾರೆ. ಟಿ6 ಹದದಲ್ಲಿ 6061 ಸುಮಾರು 275 ಮೆಗಾಪಾಸ್ಕಲ್ ಒತ್ತಡಕ್ಕೆ ಬಾಗತೊಡಗಿದರೆ 7075 ಸುಮಾರು 500ರವರೆಗೆ ತಡೆಯುತ್ತದೆ. ಮಿಶ್ರಲೋಹದ ಸಂಖ್ಯೆಯನ್ನು ಧೈರ್ಯವಾಗಿ ಬರೆದಿರುವ ತಯಾರಕರನ್ನು ನಾನು ಹೆಚ್ಚು ನಂಬುತ್ತೇನೆ. ಒದೆತ ಕಡಿಮೆ ಇರುವ ರೈಫಲಿಗೆ 6061 ಧಾರಾಳ ಸಾಕು. ಒದೆತ ಜಾಸ್ತಿ, ಸ್ಕೋಪೂ ಭಾರ ಎನ್ನುವಲ್ಲಿ 7075 ಅಥವಾ ಸ್ಟೀಲ್.

ಕಡಿಮೆ ಖರ್ಚಿನ ವರ್ಗದಲ್ಲಿ ನನ್ನ ಒಲವು ಸ್ಟೀಲ್ ರಿಂಗುಗಳ ಕಡೆಗೇ. ತೂಕ ಜಾಸ್ತಿ, ಅಲ್ಯೂಮಿನಿಯಂಗಿಂತ ಹೆಚ್ಚುಕಡಿಮೆ ಮೂರು ಪಟ್ಟು. ಆದರೆ ಸ್ಕ್ರೂ ಕೂರುವ ಥ್ರೆಡ್ ಸ್ಟೀಲಿನದೇ ಆಗಿರುವುದರಿಂದ ನಾಲ್ಕಾರು ಸಲ ಬಿಚ್ಚಿ ಕಟ್ಟಿದರೂ ಸವೆಯುವುದಿಲ್ಲ. ವಾರ್ನ್ ಕಂಪನಿಯ ಮ್ಯಾಕ್ಸಿಮಾದಂತಹ, ನಿಲುವಾಗಿ ಸೀಳಿದ ಸ್ಟೀಲ್ ರಿಂಗುಗಳು ನೋಡಲು ಆಕರ್ಷಕವಾಗಿಲ್ಲದಿದ್ದರೂ ಹಿಡಿತ ಬಲವಾದದ್ದು. ಕೆಲವರು ಬಿಸಿಲಿಗೆ ಹಿಗ್ಗುವ ವಿಷಯ ಎತ್ತುತ್ತಾರೆ, ಸ್ಟೀಲ್ ರಿಸೀವರಿನ ಮೇಲೆ ಅಲ್ಯೂಮಿನಿಯಂ ರೇಲ್ ಹಾಕಬಾರದು ಎಂದು. ಲೆಕ್ಕ ಹಾಕಿದರೆ 130 ಮಿಮೀ ಉದ್ದದ ರೇಲಿಗೆ 30 ಡಿಗ್ರಿ ಬಿಸಿ ಏರಿದಾಗ ಎರಡರ ಹಿಗ್ಗುವಿಕೆಯ ವ್ಯತ್ಯಾಸ ಸುಮಾರು 0.04 ಮಿಮೀ, ಅದೂ ಉದ್ದಕ್ಕೆ. ಅದೊಂದೇ ಕಾರಣಕ್ಕೆ ಹೆಚ್ಚು ದುಡ್ಡು ಕೊಟ್ಟು ಸ್ಟೀಲ್ ರೇಲ್ ಕೊಳ್ಳಬೇಕಿಲ್ಲ.

ಕೈಗೆ ಬಂದ ರಿಂಗನ್ನು ಹೇಗೆ ಪರೀಕ್ಷಿಸುತ್ತೇನೆ ಎಂದರೆ, ಮೊದಲು ಒಳಮೈಯ ಅಂಚಿನ ಮೇಲೆ ಉಗುರು ಎಳೆಯುತ್ತೇನೆ. ಮಷೀನಿಂಗಿನಲ್ಲಿ ಉಳಿದ ಚೂಪು ಸಿಬಿರು, ಅಂದರೆ ಬರ್, ಉಗುರಿಗೆ ತಗುಲಿದರೆ ಸ್ಕೋಪಿನ ಕೊಳವೆಯ ಮೇಲೂ ಗೀರು ಬೀಳುವುದು ಖಂಡಿತ. ಆಮೇಲೆ ಸ್ಕ್ರೂಗಳನ್ನು ಕೈಬೆರಳಲ್ಲೇ ತಿರುಗಿಸಿ ಪೂರ್ತಿ ಒಳಗೆ ಬಿಡುತ್ತೇನೆ. ನಡುವೆ ಎಲ್ಲೂ ಬಿಗಿಯಾಗದೆ, ಅಲುಗದೆ ಹೋಗಬೇಕು. ಸ್ಕ್ರೂ ತಲೆಯ ಗುಳಿ ಆಳವಾಗಿದೆಯೇ, ಕೀಲಿ ಅದರಲ್ಲಿ ಗಟ್ಟಿಯಾಗಿ ನಿಲ್ಲುತ್ತದೆಯೇ ನೋಡುತ್ತೇನೆ. ಅಗ್ಗದ ಮೌಂಟು ಮೊದಲು ಸೋಲುವುದು ಇಲ್ಲೇ: ಮೆತ್ತಗಿನ ಸ್ಕ್ರೂ, ಆಳವಿಲ್ಲದ ಗುಳಿ, ಎರಡನೇ ಸಲ ಬಿಚ್ಚುವಾಗ ಗುಳಿ ದುಂಡಗಾಗುತ್ತದೆ. ರಿಂಗು ಚೆನ್ನಾಗಿದ್ದು ಸ್ಕ್ರೂ ಮಾತ್ರ ಕಳಪೆಯಾಗಿದ್ದರೆ ಅದೇ ಅಳತೆಯ ಒಳ್ಳೆಯ ಸ್ಕ್ರೂ ತಂದು ಹಾಕಿ. ಇಡೀ ಸೆಟ್‌ನಲ್ಲಿ ಇಷ್ಟು ಕಡಿಮೆ ಖರ್ಚಿನ ಸುಧಾರಣೆ ಇನ್ನೊಂದಿಲ್ಲ.

ಎರಡೂ ರಿಂಗುಗಳನ್ನು ರೇಲಿಗೆ ಬಿಗಿದು, ಮೇಲಿನ ಮುಚ್ಚಳ ತೆಗೆದು, ಕೊಳವೆಯನ್ನು ಸುಮ್ಮನೆ ಇಡಿ. ಎರಡರಲ್ಲೂ ಸಮನಾಗಿ ಕೂರಬೇಕು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದರೆ, ಅಥವಾ ಓರೆಯಾಗಿ ಒಂದು ಅಂಚಿಗೆ ಮಾತ್ರ ತಾಗಿದರೆ, ಮುಚ್ಚಳ ಬಿಗಿದಾಗ ಕೊಳವೆ ಬಾಗುತ್ತದೆ. ಒಳಗಿನ ಹೊಂದಾಣಿಕೆ ತೊಡಕಾಗುವುದು, ಕೊಳವೆಯ ಮೇಲೆ ವರ್ತುಲದ ಗುರುತು ಬೀಳುವುದು ಇದರಿಂದಲೇ. ಲ್ಯಾಪಿಂಗ್ ಮಾಡಿ, ಅಂದರೆ ರಿಂಗಿನ ಒಳಮೈಯನ್ನು ಉಜ್ಜಿ, ಸರಿಪಡಿಸಬಹುದು. ಆದರೆ ಬಹಳ ಉಜ್ಜಬೇಕಾದ ರಿಂಗನ್ನು ಹಿಂದಿರುಗಿಸುವುದೇ ವಾಸಿ. ಲ್ಯಾಪಿಂಗ್ ಸಲಕರಣೆ ಕೊಳ್ಳುವ ದುಡ್ಡನ್ನು ರಿಂಗಿಗೇ ಸೇರಿಸಿದರೆ ಒಳ್ಳೆಯ ರಿಂಗೇ ಬರುತ್ತದೆ. ಬರಿಸ್ ಕಂಪನಿಯ ಸಿಗ್ನೇಚರ್ ರಿಂಗುಗಳಲ್ಲಿ ಒಳಗೆ ತಿರುಗುವ ಪ್ಲಾಸ್ಟಿಕ್ ಬಳೆಗಳಿವೆ. ಅವು ತಾವಾಗಿಯೇ ಕೊಳವೆಗೆ ಹೊಂದಿಕೊಳ್ಳುತ್ತವೆ, ಲ್ಯಾಪಿಂಗ್ ಬೇಕಿಲ್ಲ, ಗುರುತೂ ಬೀಳುವುದಿಲ್ಲ. ನಡುವಿನಿಂದ ಸರಿಸಿ ಕೊರೆದ ಬಳೆಗಳನ್ನು ಹಾಕಿದರೆ ಸ್ಕೋಪನ್ನು ಸ್ವಲ್ಪ ಓರೆ ಮಾಡುವುದಕ್ಕೂ ಆಗುತ್ತದೆ. ರಿಸೀವರಿನ ತೂತುಗಳು ನೇರವಾಗಿಲ್ಲದ ಹಳೆಯ ರೈಫಲಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಎತ್ತರದ ವಿಷಯದಲ್ಲಿ ಜನ ಮೋಸ ಹೋಗುವುದು ಅಳತೆ ಶುರುವಾಗುವ ಜಾಗದಿಂದ. ಕೆಲವು ತಯಾರಕರು ರೇಲಿನ ಮೇಲ್ಮೈಯಿಂದ ಕೊಳವೆಯ ನಡುವಿನವರೆಗೆ ಅಳೆದು ಬರೆಯುತ್ತಾರೆ, ಇನ್ನು ಕೆಲವರು ಕೊಳವೆಯ ತಳದವರೆಗೆ ಮಾತ್ರ. 30 ಮಿಮೀ ಕೊಳವೆಗೆ ಈ ಎರಡರ ನಡುವೆ 15 ಮಿಮೀ ವ್ಯತ್ಯಾಸ ಬರುತ್ತದೆ. "ಲೋ", "ಮೀಡಿಯಂ", "ಹೈ" ಎನ್ನುವ ಹೆಸರುಗಳಿಗೂ ಎಲ್ಲ ಕಡೆ ಒಂದೇ ಅರ್ಥ ಇಲ್ಲ. ಮುಂದಿನ ಗಾಜಿನ ಹೊರವ್ಯಾಸವನ್ನು ಅಳೆದು ಅರ್ಧ ಮಾಡಿ. 57 ಮಿಮೀ ಇದ್ದರೆ 28.5. ಅದರ ಕೆಳಗೆ ರೇಲೋ ನಳಿಗೆಯೋ ಏನಿದೆಯೋ ಅದಕ್ಕೂ ಗಾಜಿನ ಗೂಡಿಗೂ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಉಳಿಯಬೇಕು, ಗಾಜಿಗೆ ಹಾಕುವ ಮುಚ್ಚಳದ ದಪ್ಪವನ್ನೂ ಸೇರಿಸಿಕೊಂಡು. ಗುಂಡು ತುಂಬಲು ಎಳೆಯುವ ರೈಫಲಿನ ಬೋಲ್ಟಿನ ಹಿಡಿ ಮೇಲೆತ್ತಿದಾಗ ಕಣ್ಣಿನ ಕಡೆಯ ಗೂಡಿಗೆ ತಾಗಬಾರದು. ಇವೆರಡೂ ಸರಿಯಾಗುವ ಅತಿ ತಗ್ಗಿನ ರಿಂಗನ್ನು ಹಾಕಿ, ಕೆನ್ನೆಯನ್ನು ಹಿಡಿಕೆಗೆ ಒತ್ತಿ, ಕಣ್ಣು ಮುಚ್ಚಿ ತೆರೆಯಿರಿ. ಕುತ್ತಿಗೆ ಎತ್ತದೆ ಪೂರ್ತಿ ಚಿತ್ರ ಕಂಡರೆ ಎತ್ತರ ಸರಿ.

ಜೋಡಿಸುವಾಗ ರೈಫಲ್ ಖಾಲಿ ಇದೆ ಎಂದು ನೋಡಿ, ಬೋಲ್ಟ್ ಹೊರಗೆ ತೆಗೆದಿಡಿ. ಇದರಲ್ಲಿ ಚರ್ಚೆ ಇಲ್ಲ.

ರೇಲ್ ಕೂರಿಸುವ ಹಂತವನ್ನು ಬಹಳ ಜನ ಅವಸರದಲ್ಲಿ ಮುಗಿಸಿಬಿಡುತ್ತಾರೆ. ನಮ್ಮ ರೇಂಜಿಗೆ ಬರುವ ಒಬ್ಬ ಹುಡುಗಿಯ ರೈಫಲ್ ಒಳ್ಳೆಯದು, ಹೊಡೆತವೂ ಒಳ್ಳೆಯದು, ಆದರೆ ಗುರಿ ಮಾತ್ರ ಒಂದೊಂದು ದಿನ ಒಂದೊಂದು ಕಡೆ. ಸ್ಕೋಪ್ ಬದಲಿಸು ಎಂದು ಎಲ್ಲರೂ ಹೇಳಿದ್ದರು. "ಅಣ್ಣ, ಒಂದು ಸಲ ನೀವೂ ನೋಡಿ, ಆಮೇಲೆ ಮಾರುತ್ತೇನೆ" ಎಂದು ತಂದಳು. ರಿಂಗುಗಳನ್ನು ತೆಗೆದು, ರೇಲಿನ ಹಿಂದಿನ ಎರಡು ಸ್ಕ್ರೂ ಬಿಚ್ಚಿ, ಮುಂದಿನವನ್ನು ಮಾತ್ರ ಬಿಗಿಯಾಗಿ ಬಿಟ್ಟೆವು. ರೇಲಿನ ಹಿಂಭಾಗ ರಿಸೀವರಿನಿಂದ ಮೇಲೆದ್ದಿತು; ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಸಲೀಸಾಗಿ ಒಳಗೆ ಹೋಯಿತು. ಇಷ್ಟು ದಿನ ಎರಡು ಚಿಕ್ಕ ಸ್ಕ್ರೂಗಳು ಆ ರೇಲನ್ನು ಬಾಗಿಸಿ ಹಿಡಿದಿದ್ದವು. ರಿಸೀವರಿಗೆ ಅಂಟದಂತೆ ಮೇಣ ಬಳಿದು, ಹಿಂದಿನ ಭಾಗದಡಿಗೆ ಲೋಹದ ಎಪಾಕ್ಸಿ ತೆಳ್ಳಗೆ ಹಾಕಿ, ಮುಂದಿನ ಸ್ಕ್ರೂಗಳನ್ನು ಮಾತ್ರ ಬಿಗಿದು ಒಣಗಲು ಬಿಟ್ಟೆವು. ಒಣಗಿದ ಮೇಲೆ ನಾಲ್ಕೂ ಸ್ಕ್ರೂಗಳನ್ನು ಬಿಗಿದಾಗ ರೇಲು ಅಲ್ಲಾಡಲಿಲ್ಲ, ಬಾಗಲೂ ಇಲ್ಲ. ಆ ಸ್ಕೋಪ್ ಈಗಲೂ ಅದೇ ರೈಫಲ್ ಮೇಲಿದೆ, ಜೀರೋ ನಿಂತಿದೆ. ಹೊಸ ಸ್ಕೋಪಿನ ದುಡ್ಡು ಉಳಿಯಿತು ಎಂದು ಅವಳಿಗೆ ಸಂತೋಷ, ನನಗೆ ಅವಳಿಗಿಂತ ಹೆಚ್ಚು.

ಹಾಗೆಯೇ ಬೇಸಿನ ಸ್ಕ್ರೂಗಳ ಉದ್ದ. ಮುಂದಿನ ಸ್ಕ್ರೂ ಸ್ವಲ್ಪ ಉದ್ದವಾಗಿದ್ದರೂ ತಳದಲ್ಲಿ ನಳಿಗೆಯ ಥ್ರೆಡ್ಡಿಗೆ ತಾಗಿ ನಿಲ್ಲುತ್ತದೆ. ಕೈಗೆ ಬಿಗಿ ಅನ್ನಿಸುತ್ತದೆ, ರೇಲು ಮಾತ್ರ ಸಡಿಲ. ಸ್ಕ್ರೂ ಹಾಕಿದ ಮೇಲೆ ತೆಗೆದಿಟ್ಟ ರೈಫಲಿನ ಬೋಲ್ಟನ್ನು ಮತ್ತೆ ಹಾಕಿ ಒಂದು ಸಲ ಹಿಂದೆ ಮುಂದೆ ಆಡಿಸಿ, ಎಲ್ಲೂ ತಡೆಯುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ರಿಂಗನ್ನು ರೇಲಿಗೆ ಬಿಗಿಯುವ ಮೊದಲು ಮುಂದಕ್ಕೆ, ಅಂದರೆ ನಳಿಗೆಯ ಬಾಯಿಯ ಕಡೆಗೆ, ತಳ್ಳಿ ಹಿಡಿಯಿರಿ. ರೈಫಲ್ ಹಿಂದಕ್ಕೆ ಒದ್ದಾಗ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ, ಹಾಗಾಗಿ ರೇಲಿಗೆ ಹೋಲಿಸಿದರೆ ಅದು ಮುಂದಕ್ಕೆ ಜಾರುತ್ತದೆ. ಅಡ್ಡಬೋಲ್ಟ್ ಕಾಡಿಯ ಮುಂದಿನ ಗೋಡೆಗೆ ಮೊದಲೇ ತಾಗಿಕೊಂಡಿದ್ದರೆ ಜಾರಲು ಜಾಗವೇ ಇರುವುದಿಲ್ಲ. ಪಿಕಟಿನ್ನಿ ಕಾಡಿಯಲ್ಲಿ ವೀವರ್ ಬೋಲ್ಟ್ ಕೂರಿಸಿದಾಗ ಅರ್ಧ ಮಿಲಿಮೀಟರಿಗಿಂತ ಹೆಚ್ಚು ಸಡಿಲ ಇರುತ್ತದೆ, ಅಲ್ಲಂತೂ ಇದನ್ನು ಮರೆಯಲೇಬೇಡಿ.

ದುಡ್ಡು ಉಳಿಸಬಾರದ ಇನ್ನೊಂದು ಜಾಗ ಟಾರ್ಕ್ ಸ್ಕ್ರೂಡ್ರೈವರ್, ಅಂದರೆ ಗೊತ್ತುಮಾಡಿದಷ್ಟೇ ಬಿಗಿಯುವ ಸ್ಕ್ರೂಡ್ರೈವರ್. ಇದನ್ನು ನಾನು ಮೌಂಟಿನ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕುತ್ತೇನೆ. ಮೇಲಿನ ಮುಚ್ಚಳದ ಸ್ಕ್ರೂಗಳಿಗೆ ಹೆಚ್ಚಿನ ಸ್ಕೋಪ್ ತಯಾರಕರು ಹೇಳುವುದು 15ರಿಂದ 18 ಇಂಚ್-ಪೌಂಡ್, ಅಂದರೆ 1.7ರಿಂದ 2 ನ್ಯೂಟನ್-ಮೀಟರ್. ಕೈಯಂದಾಜಿನಲ್ಲಿ ಬಿಗಿದರೆ ಹೆಚ್ಚಿನವರು ಇದನ್ನು ದಾಟಿಬಿಡುತ್ತಾರೆ, ಅದರಲ್ಲೂ ಉದ್ದ ಹಿಡಿಯ ಕೀಲಿ ಕೈಯಲ್ಲಿದ್ದರೆ. ರೇಲಿಗೆ ಬಿಗಿಯುವ ಅಡ್ಡಬೋಲ್ಟಿನ ಅಂಕಿ ಒಂದೊಂದು ಮೌಂಟಿಗೆ ಬೇರೆ ಬೇರೆ. ದಪ್ಪ ನಟ್ ಇರುವ ಸ್ಟೀಲ್ ರಿಂಗುಗಳಿಗೆ 65 ಇಂಚ್-ಪೌಂಡ್‌ವರೆಗೂ ಹೇಳುತ್ತಾರೆ. ಕಾಗದದಲ್ಲಿ ಟಾರ್ಕ್ ಅಂಕಿಯನ್ನೇ ಕೊಡದ ಮೌಂಟನ್ನು ನಾನು ಕೊಳ್ಳುವುದಿಲ್ಲ. ಬಿಗಿಯುವ ಮೊದಲು ಎಲ್ಲ ಮುಖಗಳನ್ನೂ ಸ್ಪಿರಿಟಿನಲ್ಲಿ ಒರೆಸಿ ಎಣ್ಣೆ ತೆಗೆಯಿರಿ. ಬೇಸಿನ ಸ್ಕ್ರೂಗಳಿಗೆ ಸಡಿಲಾಗದಂತೆ ಹಿಡಿಯುವ ನೀಲಿ ಅಂಟು, ಥ್ರೆಡ್‌ಲಾಕರ್, ಒಂದು ಹನಿ ಸರಿ. ಮುಚ್ಚಳದ ಸ್ಕ್ರೂಗಳಿಗೆ ಹಾಕುವುದಿಲ್ಲ, ಥ್ರೆಡ್ ಒದ್ದೆಯಾದರೆ ಅದೇ ಅಂಕಿಗೆ ಸ್ಕ್ರೂ ಹೆಚ್ಚು ಎಳೆಯುತ್ತದೆ. ಎರಡೂ ಬದಿಯ ಸಂದು ಸಮ ಇರುವಂತೆ, ಅಡ್ಡಡ್ಡ ಮೂಲೆಗಳ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬನ್ನಿ. ಒಂದು ಕಡೆ ಕೊಕ್ಕೆ, ಇನ್ನೊಂದು ಕಡೆ ಸ್ಕ್ರೂ ಇರುವ ಹಳೆಯ ವೀವರ್ ಮಾದರಿಯಲ್ಲಿ ಬಿಗಿಯುವಾಗ ಸ್ಕೋಪ್ ಒಂದು ಕಡೆಗೆ ಹೊರಳುತ್ತದೆ, ಅಷ್ಟನ್ನು ಮೊದಲೇ ಎದುರು ದಿಕ್ಕಿಗೆ ತಿರುಗಿಸಿಟ್ಟುಕೊಳ್ಳಬೇಕು.

ಸ್ಪ್ರಿಂಗ್ ಏರ್ ರೈಫಲ್ ಇರುವವರಿಗೆ ಮೇಲಿನದರಲ್ಲಿ ಒಂದು ಮಾತು ತಿರುಗುಮುರುಗು. ಪಿಸ್ಟನ್ ಮುಂದಕ್ಕೆ ಹೊರಟಾಗ ರೈಫಲ್ ಹಿಂದಕ್ಕೆ ಹೋಗುತ್ತದೆ, ಪಿಸ್ಟನ್ ಹೋಗಿ ಬಡಿದಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಆ ಎರಡನೇ ಜಗ್ಗಿಗೆ ಮೌಂಟು ನಿಧಾನವಾಗಿ ಹಿಂದಕ್ಕೆ ತೆವಳುತ್ತದೆ. ಒದೆತ ಕಡಿಮೆ ಎಂದು ಚಿಕ್ಕ ರಿಂಗು ಹಾಕಿದವರು ಇದರಿಂದಲೇ ಕಂಗೆಡುತ್ತಾರೆ. ಇಲ್ಲಿ ಒಂದೇ ತುಂಡಿನ ಮೌಂಟು, ಅದರಲ್ಲಿ ರಿಸೀವರಿನ ಗುಳಿಗೆ ಇಳಿಯುವ ತಡೆಪಿನ್ನು, ಡವ್‌ಟೇಲನ್ನು ಹಿಡಿಯುವ ಸ್ಕ್ರೂಗಳು ಹೆಚ್ಚು ಇರುವಂಥದ್ದನ್ನು ಆರಿಸಿ. ಸ್ಕೋಪ್ ಕೂಡ ಸ್ಪ್ರಿಂಗ್ ಗನ್ನಿಗೆ ಸರಿಹೊಂದುವುದು ಎಂದು ತಯಾರಕರೇ ಹೇಳಿರಬೇಕು. ಭಾರಿ ರೈಫಲಿಗೆ ತಾಳುವ ಸ್ಕೋಪುಗಳೂ ಈ ಎರಡು ದಿಕ್ಕಿನ ಹೊಡೆತಕ್ಕೆ ಹಾಳಾಗುವುದುಂಟು.

ಎಲ್ಲ ಬಿಗಿದಾದ ಮೇಲೆ ಪ್ರತಿ ಸ್ಕ್ರೂ ತಲೆಯಿಂದ ರಿಂಗಿನ ಮೈಮೇಲೆ ಬರುವಂತೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ರಿಂಗಿಗೆ ತಾಗಿದಂತೆ ಕೊಳವೆಗೆ ಒಂದು ಸುತ್ತು ತೆಳು ಟೇಪು. ಮುಂದೆ ಯಾವತ್ತಾದರೂ ಗುರಿ ತಪ್ಪಿದರೆ ಮೊದಲು ಇವನ್ನೇ ನೋಡುವುದು. ಗೆರೆ ಮುರಿದಿದ್ದರೆ ಸ್ಕ್ರೂ ಸಡಿಲಾಗಿದೆ. ಟೇಪಿಗೂ ರಿಂಗಿಗೂ ನಡುವೆ ಸಂದು ಬಿದ್ದಿದ್ದರೆ ಅಥವಾ ಟೇಪು ಮಡಿಚಿಕೊಂಡಿದ್ದರೆ ಕೊಳವೆ ಜಾರಿದೆ. ಎರಡೂ ಇದ್ದಂತೆಯೇ ಇದ್ದರೆ ಆಮೇಲೆ ಸ್ಕೋಪಿನ ಮೇಲೆ ಅನುಮಾನ ಪಡಬಹುದು. ಆಗಲೂ ಚೆನ್ನಾಗಿದೆ ಎಂದು ಗೊತ್ತಿರುವ ಬೇರೊಂದು ಸ್ಕೋಪನ್ನು ಅದೇ ರಿಂಗಿಗೆ ಹಾಕಿ ನೋಡಿದ ಮೇಲೆಯೇ ತೀರ್ಮಾನ.

ಕೈ ಬಿಗಿ ಇರುವವರು ಬಳಸಿದ ರಿಂಗು ಕೊಳ್ಳಬಹುದೇ ಎಂದು ಕೇಳುತ್ತಿರುತ್ತಾರೆ. ಸ್ಟೀಲಿನದಾದರೆ ಧೈರ್ಯವಾಗಿ ಕೊಳ್ಳಿ. ಮುಚ್ಚಳಗಳು ಅದೇ ಜೋಡಿಯವೇ ಎಂದು ನೋಡಿ, ಹಳೆಯ ಸ್ಕ್ರೂಗಳನ್ನು ಬಿಸಾಡಿ ಹೊಸವನ್ನು ಹಾಕಿ. ಅಲ್ಯೂಮಿನಿಯಂ ಆದರೆ ಥ್ರೆಡ್ಡುಗಳನ್ನು ಬೆಳಕಿಗೆ ಹಿಡಿದು ನೋಡಿ, ಪುಡಿಯಾದ ಲೋಹ ಹೊಳೆಯುತ್ತಿದ್ದರೆ ಬೇಡ. ಬಿಗಿದಾಗ ಮುಚ್ಚಳದ ಎರಡೂ ಬದಿ ಸಂದಿಲ್ಲದೆ ಕೂಡಿಕೊಳ್ಳುತ್ತಿದ್ದರೆ, ಸಂದಿಲ್ಲದಂತೆಯೇ ಮಾಡಿದ ಮಾದರಿ ಅದಲ್ಲದಿದ್ದರೆ, ಯಾರೋ ಅದನ್ನು ಅತಿಯಾಗಿ ಉಜ್ಜಿದ್ದಾರೆ ಎಂದು ತಿಳಿಯಿರಿ. ಇನ್ನು ಅದು ಕೊಳವೆಯನ್ನು ಹಿಡಿಯುವುದಿಲ್ಲ. ಸನ್ನೆ ಎಳೆದು ಕಳಚುವ ಮಾದರಿಯಾದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಳಸಿದ್ದು ಬೇಡ; ಸನ್ನೆಯ ತುದಿ ಎಷ್ಟು ಸವೆದಿದೆ ಎಂದು ಹೊರಗಿನಿಂದ ನೋಡಿ ಹೇಳುವುದಕ್ಕೆ ಬರುವುದಿಲ್ಲ.